ಅವನು, ಅವಳು, ಅದು

ಕನ್ನಡ ವ್ಯಾಕರಣದಲ್ಲಿ ಒಂದು ವಿಚಿತ್ರವುಂಟು. ‘ನಾನು ಬಂದೆ’ ಎಂದಾಗ ಬಂದವರು ಹೆಣ್ಣೋ ಗಂಡೋ ತಿಳಿಯದು. ‘ನೀನು ಬಂದೆ’ ಎಂದಾಗಲೂ ತಿಳಿಯದು. ಎದುರುಬದುರು ನಿಂತು ಮಾತನಾಡುವವರೆಗೆ ನಮ್ಮ ನುಡಿಗೆ ಆ ವಿಚಾರವೇ ಬೇಕಿಲ್ಲ. ಆ ವ್ಯಕ್ತಿಯ ಬೆನ್ನ ಹಿಂದೆ ಮಾತು ತೊಡಗಿದೊಡನೆ ಮಾತ್ರ ಬಂದನೋ, ಬಂದಳೋ, ಬಂದಿತೋ ಎಂದು ದಾರಿ ಕವಲೊಡೆಯುತ್ತದೆ. ‘ಬಂದರು’ ಎಂಬುದೊಂದು ಇದೆಯಲ್ಲ ಎನ್ನಬಹುದು. ಅದು ಗೌರವದ ಮಾತು. ಕಿರಿಯರಿಗೆ, ಅದರಲ್ಲಿಯೂ ನಾವು ನೋಡಿ ನಗುವ ಕಿರಿಯರಿಗೆ, ಅದನ್ನು ಯಾರೂ ಕೊಡುವುದಿಲ್ಲ.

ನನಗೆ ಇದು ಹೊಳೆದುದು ವ್ಯಾಕರಣದ ಪುಸ್ತಕದಿಂದಲ್ಲ, ಭೀಮಸಮುದ್ರದ ಅಡಿಕೆ ಚಪ್ಪರದಿಂದ.

ಚಿತ್ರದುರ್ಗ ತಾಲ್ಲೂಕಿನ ಈ ಊರು ನನ್ನ ತಾಯಿಯ ತವರು. ಬಯಲುಸೀಮೆಯ ಬಿಸಿಲಿನಲ್ಲಿ ನಡೆದು ಬಂದವರಿಗೆ ಇಲ್ಲಿನ ಕೆರೆಯನ್ನೂ ತೋಟಗಳನ್ನೂ ಕಂಡಾಗ ಕಣ್ಣು ತಂಪಾಗುತ್ತದೆ. ಅಡಿಕೆಯ ವ್ಯಾಪಾರದಿಂದ ಊರಿನ ಹೆಸರು ದೂರದವರೆಗೆ ಹೋಗಿದೆ. ಅಡಿಕೆಯ ಕೆಲಸದಲ್ಲಿ ಹೆಣ್ಣು ಗಂಡುಗಳ ಪಾಲು ಬೇರೆ ಬೇರೆ. ಮರ ಹತ್ತಿ ಗೊನೆ ಇಳಿಸುವವರು ಗಂಡಸರು. ಕೆಳಗೆ ಸಾಲಾಗಿ ಕುಳಿತು ಸುಲಿಯುವವರು ಹೆಚ್ಚಾಗಿ ಹೆಂಗಸರು. ಬೇಯಿಸಿದ ಚೊಗರಿನ ವಾಸನೆ, ನಡುರಾತ್ರಿಯವರೆಗಿನ ದೀಪ, ಸುಲಿಯುತ್ತ ಹೇಳುವ ಹಾಡು, ಇವಿಷ್ಟು ಸೇರಿದರೆ ನನ್ನ ಬಾಲ್ಯದ ರಜೆಗಳಾಗುತ್ತವೆ.

ಆ ಸಾಲಿನಲ್ಲಿ ಒಬ್ಬ ಹುಡುಗ ಕುಳಿತಿರುತ್ತಿದ್ದ. ಇದು ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ‘ಹುಡುಗ’ ಎಂದು ಬರೆದೆ. ಅವರು ಅದನ್ನು ಒಪ್ಪುತ್ತಿದ್ದರೋ ಇಲ್ಲವೋ ಕೇಳಿದವರಿಲ್ಲ. ಈಗ ನಾನು ‘ಅವರು’ ಎನ್ನುತ್ತೇನೆ, ಅಂದು ಹಾಗೆಂದವನಲ್ಲ. ಬೆರಳು ಬಹು ಚುರುಕು. ಪಕ್ಕದ ಹೆಂಗಸರ ಬುಟ್ಟಿ ಅರ್ಧವಾಗುವಷ್ಟರಲ್ಲಿ ಇವರದು ತುಂಬುತ್ತಿತ್ತು. ಟವೆಲ್ಲನ್ನು ಸೆರಗಿನಂತೆ ಹೊದೆಯುತ್ತಿದ್ದರು. ಹಾಡಿನಲ್ಲಿ ಎಲ್ಲರಿಗಿಂತ ಮೊದಲು ದನಿಯೆತ್ತುತ್ತಿದ್ದರು. ಹೆಂಗಸರು ತಮ್ಮೊಳಗೆ ಸೇರಿಸಿಕೊಂಡಿದ್ದರು; ನಗುತ್ತಿದ್ದರೂ ಜಾಗ ಬಿಡುತ್ತಿದ್ದರು. ನಾವು ಹುಡುಗರು ಹಾಗಲ್ಲ. ದೂರದಿಂದ ಕಂಡೊಡನೆ ‘ಅದು ಬಂತು’ ಎಂದು ಕೂಗುತ್ತಿದ್ದೆವು. ನಾನೂ ಕೂಗಿದ್ದೇನೆ.

ಅದೇ ಊರಿನ ಬಯಲಾಟದಲ್ಲಿ ಗಂಡಸೊಬ್ಬ ಸೀರೆಯುಟ್ಟು ದ್ರೌಪದಿಯಾಗಿ ಅತ್ತರೆ ಜನ ತಾವೂ ಅಳುತ್ತಿದ್ದರು. ಆದರೆ ಬೆಳಕು ಹರಿಯುವಷ್ಟರಲ್ಲಿ ಬಣ್ಣ ಅಳಿಸಿ ಮೀಸೆ ತಿರುವಬೇಕು, ಅದು ಕರಾರು. ಇನ್ನು ವಚನಗಳ ಮಾತು. ಸಿರಿಗೆರೆ ಅಲ್ಲಿಂದ ದೂರವಿಲ್ಲ. ಆ ಕಡೆಯ ಮಕ್ಕಳು ವಚನಗಳನ್ನು ಬಾಯಿಪಾಠ ಮಾಡಿ ಬೆಳೆದವರು. ಮೈಯ ಗುರುತು ನೋಡಿ ಹೆಣ್ಣು ಗಂಡೆನ್ನುವಿರಿ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂಬ ಅರ್ಥದ ಜೇಡರ ದಾಸಿಮಯ್ಯನ ವಚನವನ್ನು ಹೇಳಿ ನಾನು ಬಹುಮಾನ ಪಡೆದವನು. ಬಹುಮಾನದ ಲೋಟವನ್ನು ಹಿಡಿದುಕೊಂಡೇ ‘ಅದು ಬಂತು’ ಎಂದವನೂ ನಾನೇ.

ದಾಸಿಮಯ್ಯನ ಆ ಮಾತನ್ನು ನೆನಪಿಸುವ ಹೆಸರಿನ ಪುಸ್ತಕವೊಂದು ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಬಂದಿತು: ‘ನಡುವೆ ಸುಳಿವ ಹೆಣ್ಣು’. ಮಂಜಮ್ಮ ಜೋಗತಿಯವರು ಹೇಳಿದ ತಮ್ಮ ಬಾಳಿನ ಕಥೆ. ಅದನ್ನು ಬರಹಕ್ಕಿಳಿಸಿದವರು ಅರುಣ್ ಜೋಳದಕೂಡ್ಲಿಗಿ. ಮಂಜಮ್ಮ ಬಳ್ಳಾರಿ ಸೀಮೆಯ ಕಲ್ಲುಕಂಬದವರು. ಗಂಡುಮಗನೆಂದು ಬೆಳೆಸಿದ ಮನೆಯಲ್ಲಿ ಹದಿನೈದರ ಆಸುಪಾಸಿನಲ್ಲಿಯೇ ತಾನು ಹೆಣ್ಣೆಂದು ಅವರಿಗೆ ತಿಳಿಯಿತು. ಮನೆಯವರು ಹೊಡೆದರು, ಕಟ್ಟಿಹಾಕಿದರು. ಕಡೆಗೆ 1975ರಲ್ಲಿ ತುಂಗಭದ್ರೆಯ ದಡದ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಉಡಿದಾರ ಹರಿದು ಸೀರೆ ಬಳೆ ಕೊಡುವ ಆಚರಣೆ ಅದು. ದೇವಿ ಒಪ್ಪಿದರೂ ಮನೆ ಒಪ್ಪಲಿಲ್ಲ. ವಿಷ ಕುಡಿದು ಬದುಕುಳಿದ ಮೇಲೆ ಅವರು ಬೀದಿಗೆ ಬಂದರು, ಭಿಕ್ಷೆ ಬೇಡಿದರು, ದೌರ್ಜನ್ಯಕ್ಕೆ ಈಡಾದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಮಗ ಇಬ್ಬರು ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡುದು ಅವರ ಬಾಳಿನ ತಿರುವು. ಮುಂದೆ ಕಾಳವ್ವ ಜೋಗತಿಯೆಂಬ ಗುರು ದೊರೆತರು. ತಲೆಯ ಮೇಲೆ ಕೈಯಾಸರೆಯಿಲ್ಲದ ಕೊಡ, ಚೌಡಿಕೆಯ ನಾದ, ಎಲ್ಲಮ್ಮನ ಕಥೆ. ಬೇಡುವವರ ಕುಣಿತವೆಂದು ಜನ ತಾತ್ಸಾರ ಮಾಡುತ್ತಿದ್ದುದನ್ನು ರಂಗದ ಮೇಲೆ ಕಲೆಯಾಗಿ ನಿಲ್ಲಿಸಿದವರಲ್ಲಿ ಮಂಜಮ್ಮನವರೂ ಒಬ್ಬರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.

ಜೋಗಪ್ಪ, ಜೋಗತಿಯರ ಈ ಪರಂಪರೆಯನ್ನು ಕೊಂಡಾಡಿ ‘ನಮ್ಮ ಹಿರಿಯರು ಎಷ್ಟು ಉದಾರಿಗಳು’ ಎನ್ನುವವರಿದ್ದಾರೆ. ಅರ್ಧ ನಿಜ. ಎಲ್ಲಮ್ಮ, ಹುಲಿಗೆಮ್ಮ ತೆರೆದಿಟ್ಟ ಬಾಗಿಲು ಇಲ್ಲದಿದ್ದರೆ ಎಷ್ಟೋ ಜೀವಗಳಿಗೆ ಬಾವಿಯೇ ಗತಿಯಾಗುತ್ತಿತ್ತು. ಆದರೆ ಆ ಬಾಗಿಲು ಕಿರಿದು. ಒಳಹೊಕ್ಕವರು ದೇವಿಯ ಮಕ್ಕಳು. ಹೊಕ್ಕ ಮೇಲೆ ಅನೇಕರಿಗೆ ತಂದೆತಾಯಿಯ ಮಕ್ಕಳಾಗಿ ಉಳಿಯುವ ಹಕ್ಕಿಲ್ಲ. ಮೇಷ್ಟರಾಗಬೇಕೆನ್ನುವವರಿಗೆ, ಗುಮಾಸ್ತೆಯಾಗಬೇಕೆನ್ನುವವರಿಗೆ ಆ ಗುಡಿಯಲ್ಲಿ ಏನು ಕೊಟ್ಟಾರು? ಪಂಚೆಯುಡಬೇಕೆನ್ನುವ ಹೆಣ್ಣುಮಗಳ ಕಥೆ ಇನ್ನೂ ಬಿಗಿ. ಅವಳಿಗೆ ಜಾತ್ರೆಯೂ ಇಲ್ಲ, ಚೌಡಿಕೆಯೂ ಇಲ್ಲ, ಹದಿನೆಂಟಕ್ಕೆ ಮದುವೆ. ತನ್ನಂಥವನನ್ನೇ ಪ್ರೀತಿಸಿದ ಹುಡುಗನೂ ಬೆವರುತ್ತ ಹಸೆಮಣೆ ಏರುತ್ತಾನೆ. ಒಂದು ಬಾಳಿನ ಬದಲು ಎರಡು ಕೆಡುತ್ತವೆ.

ಕಾನೂನು ತನ್ನ ಕೆಲಸವನ್ನು ತಡವಾಗಿಯಾದರೂ ಮಾಡಿತು. 2014ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗವನ್ನು ಮಾನ್ಯಮಾಡಿತು. 2018ರ ಸೆಪ್ಟೆಂಬರಿನಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕವು ಸರಕಾರಿ ನೌಕರಿಯಲ್ಲಿ ಶೇಕಡಾ 1ರಷ್ಟು ಮೀಸಲನ್ನಿಟ್ಟಿತು. ಸಂತೋಷವೇ. ಆದರೆ ತೀರ್ಪಿನ ಪ್ರತಿ ಅಡಿಕೆ ಚಪ್ಪರಕ್ಕೆ ಅಂಚೆಯಲ್ಲಿ ಬರುವುದಿಲ್ಲ.

ಚಪ್ಪರದ ಆ ಗೆಳೆಯರು ಹದಿನಾರರಲ್ಲಿ ಊರು ಬಿಟ್ಟರು. ಹಿಂದಿನ ದಿನ ಅವರ ತಂದೆ ಎಲ್ಲರೆದುರು ತಲೆ ಬೋಳಿಸಿದ್ದ. ಹುಡುಕಲು ಹೋದವರು ಸಂತೆಯವರೆಗೆ ಹೋಗಿ ಮರಳಿದರು. ಆಮೇಲೆ ಆ ಮನೆಯಲ್ಲಿ ಹೆಸರೆತ್ತುವ ರೂಢಿ ನಿಂತಿತು.

ಪದ್ಮಶ್ರೀಯ ಚಿತ್ರ ಪತ್ರಿಕೆಗಳಲ್ಲಿ ಬಂದ ವರ್ಷವೇ ನಾನು ಭೀಮಸಮುದ್ರಕ್ಕೆ ಹೋಗಿದ್ದೆ. ಆ ತಾಯಿಗೆ ಆಗಲೇ ಎಂಬತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ. ದೇವರ ಪಟದ ಹಿಂದಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ನನ್ನ ಮುಂದೆ ಹಿಡಿದರು.

“ಈಯಮ್ಮ ಇರೋದು ಯಾವೂರಪ್ಪಾ?”

“ಮರಿಯಮ್ಮನಹಳ್ಳಿ ಅಜ್ಜಿ. ದುರ್ಗದಿಂದ ಹೊಸಪೇಟೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ.”

“ಅವರ ಹತ್ರ ಬೇರೆ ಊರಿನ ಮಕ್ಕಳೂ ಬರ್ತಾವಂತೆ, ಹೌದಾ?”

ಹೌದೆಂದೆ. ಅಜ್ಜಿ ತುಂಡನ್ನು ಮಡಿಸಿ ಮತ್ತೆ ಪಟದ ಹಿಂದೆ ಇಟ್ಟರು. ಬಸ್ಸಿನ ಚಾರ್ಜು ಎಷ್ಟು ಎಂದು ಕೇಳಿದರು.