ಸ್ವಯಂಚಾಲಿತ ತುರ್ತು ಬ್ರೇಕು: ಅದರ ಶಕ್ತಿಯೂ ಮೇರೆಯೂ

ಮೋಟಾರು ವಾಹನದ ಮುಂದೆ ಅಡ್ಡಿಯೊದಗಿದಾಗ ಚಾಲಕನು ಬ್ರೇಕನ್ನು ಒತ್ತದಿದ್ದರೂ, ಅಥವಾ ಸಾಲುವಷ್ಟು ಒತ್ತದಿದ್ದರೂ, ವಾಹನವು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವ ಏರ್ಪಾಡಿಗೆ ಸ್ವಯಂಚಾಲಿತ ತುರ್ತು ಬ್ರೇಕು ಎಂದು ಹೆಸರು. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈ ತಿಂಗಳಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿರುವುದು. ದೊಡ್ಡ ಬಸ್ಸು ಲಾರಿಗಳಿಗೆ ಇದನ್ನು ವಿಧಿಸುವ ಕರಡು ನಿಯಮವನ್ನು ಭಾರತ ಸರಕಾರದ ರಸ್ತೆ ಸಾರಿಗೆ ಮಂತ್ರಾಲಯವು 2025ರಲ್ಲಿ ಪ್ರಕಟಿಸಿತು. ಈ ಯಂತ್ರದ ಶಕ್ತಿಯೇನು, ಮೇರೆಯೆಲ್ಲಿ ಎಂಬುದನ್ನು ಬೆಳಗಾವಿಯಿಂದ ಖಾನಾಪುರದ ಮೇಲೆ ಹಾದು ಗೋವೆಯ ಕಡೆಗೆ ಸಾಗುವ ಹೆದ್ದಾರಿಯನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಈ ಯಂತ್ರಕ್ಕೆ ಪ್ರತ್ಯಕ್ಷ, ಅನುಮಾನಗಳೆಂಬ ಎರಡು ಪ್ರಮಾಣಗಳುಂಟು. ಗಾಜಿನ ಹಿಂದಣ ಕ್ಯಾಮೆರಾ ಆಕೃತಿಯನ್ನು ಗುರುತಿಸುವುದು. ಮುಂಭಾಗದ ರಾಡಾರು ದೂರವನ್ನೂ ವೇಗವನ್ನೂ ಅಳೆಯುವುದು. ಇದು ಪ್ರತ್ಯಕ್ಷ. ದೂರವನ್ನು ಪರಸ್ಪರ ವೇಗದಿಂದ ಭಾಗಿಸಿ, ಡಿಕ್ಕಿಗೆ ಎಷ್ಟು ಕಾಲ ಉಳಿದಿದೆಯೆಂದು ಗಣಕವು ಎಣಿಸುವುದು ಅನುಮಾನ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಕಾರಿನ ಮುಂದೆ 50 ಮೀಟರು ದೂರದಲ್ಲಿ ಲಾರಿಯೊಂದು ನಿಂತಿದ್ದರೆ ಉಳಿದಿರುವ ಕಾಲ 3 ಸೆಕೆಂಡು ಮಾತ್ರ. ಯಂತ್ರವು ಮೊದಲು ಸದ್ದಿನಿಂದಲೂ ದೀಪದಿಂದಲೂ ಎಚ್ಚರಿಸುವುದು. ಚಾಲಕನು ಸುಮ್ಮನಿದ್ದರೆ ಕೊನೆಗೆ ಪೂರ್ಣಶಕ್ತಿಯಿಂದ ಬ್ರೇಕನ್ನು ಹಾಕುವುದು.

ಇದರಿಂದಾಗುವ ಲಾಭವು ಸ್ಪಷ್ಟವಾಗಿದೆ. ಮನುಷ್ಯನು ಅಡ್ಡಿಯನ್ನು ಕಂಡು ಕಾಲನ್ನು ಬ್ರೇಕಿಗೆ ತರುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಮೇಲ್ಕಂಡ ಕಾರು 25 ಮೀಟರು ಮುಂದೆ ಹೋಗಿರುವುದು. ಈ ವಿಳಂಬದ ಬಹುಭಾಗವನ್ನು ಯಂತ್ರವು ಉಳಿಸುವುದು.

ಆದರೆ ಬ್ರೇಕು ಹಿಡಿದ ಮೇಲಿನ ದೂರವು ರಸ್ತೆಯ ಹಿಡಿತಕ್ಕೆ ಅಧೀನವಾದುದು. ಒಣ ಡಾಂಬರಿನ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುವ ಕಾರಿಗೆ ಜಾರುವ ಒದ್ದೆ ರಸ್ತೆಯಲ್ಲಿ 35 ಮೀಟರು ಬೇಕಾಗಬಹುದು. ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರ ಸೀಮೆಯ ಮಳೆಗಾಲವನ್ನು ಬಲ್ಲವರಿಗೆ ಇದರ ಗುರುತ್ವವನ್ನು ವಿವರಿಸಬೇಕಾಗಿಲ್ಲ. ಅಲ್ಲದೆ ಜಡಿಮಳೆ, ಮಂಜು, ಕೆಸರುಗಳು ಯಂತ್ರದ ಕಣ್ಣನ್ನೂ ಮಸುಕುಗೊಳಿಸುವುವು.

ಎರಡನೆಯ ಮೇರೆಯು ಭ್ರಾಂತಿಯದು. ಹಗ್ಗದಲ್ಲಿ ಹಾವನ್ನು ಕಾಣುವಂತೆ ಯಂತ್ರವು ನೆರಳನ್ನೋ ಸೇತುವೆಯ ಕಬ್ಬಿಣವನ್ನೋ ಅಡ್ಡಿಯೆಂದು ತಿಳಿದು ನಡುರಸ್ತೆಯಲ್ಲಿ ನಿಂತರೆ ಹಿಂದಿನ ವಾಹನವು ಬಂದು ತಾಗುವುದು. ಇದನ್ನು ತಪ್ಪಿಸಲೆಂದು ನಿರ್ಮಾಪಕರು ಯಂತ್ರದ ಸಂಶಯಪ್ರವೃತ್ತಿಯನ್ನು ತಗ್ಗಿಸಿದರೆ ನಿಜವಾದ ಹಾವೂ ಹಗ್ಗವಾಗಿ ತೋರಬಹುದು. ಒಂದು ದೋಷವನ್ನು ಕಳೆದಷ್ಟೂ ಇನ್ನೊಂದು ಬೆಳೆಯುವುದು.

ಮೂರನೆಯದು ಅಪರಿಚಿತ ವಸ್ತುಗಳದು. ವಾಹನ, ಪಾದಚಾರಿ, ಸೈಕಲ್ಲುಗಳನ್ನು ಗುರುತಿಸಲು ಕಲಿತ ಯಂತ್ರವು, ಹಿಂದೀಪವಿಲ್ಲದೆ ಕಬ್ಬು ಹೇರಿಕೊಂಡು ಇರುಳಲ್ಲಿ ಸಾಗುವ ಟ್ರಾಕ್ಟರನ್ನೋ, ಕಾಡಂಚಿನಿಂದ ಥಟ್ಟನೆ ನುಗ್ಗುವ ಕಾಡುಕೋಣವನ್ನೋ ಸಕಾಲದಲ್ಲಿ ತಿಳಿಯುವುದೆಂಬ ಭರವಸೆಯಿಲ್ಲ. ಪಾದಚಾರಿಗಳಿಗೆ ತಗಲುವ ಅಪಘಾತಗಳು ಈ ಯಂತ್ರವುಳ್ಳ ವಾಹನಗಳಲ್ಲಿ ಶೇಕಡಾ 27ರಷ್ಟು ಕಡಿಮೆಯೆಂದೂ, ಬೀದಿದೀಪವಿಲ್ಲದ ಕತ್ತಲೆಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲವೆಂದೂ ಅಮೆರಿಕೆಯ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2022ರಲ್ಲಿ ತಿಳಿಸಿತು. ಬೆಳಗಾವಿ ನಗರದ ದೀಪದ ಬೀದಿಯಲ್ಲಿ ನೆರವಾಗುವ ಯಂತ್ರವು ಖಾನಾಪುರದಾಚೆಯ ಅರಣ್ಯಮಾರ್ಗದಲ್ಲಿಯೂ ಅಷ್ಟೇ ನೆರವಾಗುವುದೆಂದು ಭಾವಿಸಲಾಗದು.

ಇಲ್ಲಿ 'ಸ್ವಯಂಚಾಲಿತ' ಎಂಬ ಶಬ್ದವೇ ಮೋಸಗೊಳಿಸುವಂತಿದೆ. ವೈಯಾಕರಣರು ಕರ್ತೃವನ್ನೂ ಕರಣವನ್ನೂ ಬೇರೆಯಾಗಿ ಎಣಿಸಿದರು: ಕಡಿಯುವವನು ಕರ್ತೃ, ಕೊಡಲಿ ಕರಣ. ತುರ್ತು ಬ್ರೇಕು ಎಷ್ಟೇ ಚುರುಕಾದರೂ ಕರಣವೇ ಹೊರತು ಕರ್ತೃವಲ್ಲ. ಹಲವು ವಾಹನಗಳಲ್ಲಿ ಚಾಲಕನು ವೇಗದ ಪೆಡಲನ್ನು ಬಲವಾಗಿ ಒತ್ತಿದರೆ ಅಥವಾ ಚಕ್ರವನ್ನು ತಿರುಗಿಸಿದರೆ ಯಂತ್ರವು ಹಿಂದೆ ಸರಿಯುವುದೂ ಇದಕ್ಕೆ ಸಾಕ್ಷಿಯಾಗಿದೆ. ಯಂತ್ರವಿದೆಯೆಂದು ವೇಗವನ್ನು ಹೆಚ್ಚಿಸುವವನು ಅದು ಉಳಿಸಿಕೊಟ್ಟ 25 ಮೀಟರನ್ನು ತಾನೇ ಕಳೆದುಕೊಳ್ಳುವನು. ಎಚ್ಚರಿರುವವನಿಗೆ ಅದು ಎರಡನೆಯ ರಕ್ಷೆ. ಮೈಮರೆತವನಿಗೆ ಸಂದಿಗ್ಧವಾದ ಆಸರೆ ಮಾತ್ರ.