ಬ್ಯಾಂಕಾಕಿನ ಎಟಿಎಂ ಕೇಳುವ ಪ್ರಶ್ನೆ

ಬ್ಯಾಂಕಾಕಿನ ಎಟಿಎಂಗೆ ನಮ್ಮ ಕಾರ್ಡ್ ಹಾಕಿದರೆ ಹಣ ಕೊಡುವ ಮುನ್ನ ಅದು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತದೆ: ಲೆಕ್ಕ ರೂಪಾಯಿಯಲ್ಲೋ, ಬಹ್ತ್‌ನಲ್ಲೋ? ಪರದೇಶದಲ್ಲಿ ರೂಪಾಯಿ ಕಂಡ ಸಮಾಧಾನಕ್ಕೆ ಅದನ್ನೇ ಒತ್ತುವವರು ಬಹಳ ಮಂದಿ. ದಯವಿಟ್ಟು ಒತ್ತಬೇಡಿ.

ರೂಪಾಯಿ ಆರಿಸಿದರೆ ವಿನಿಮಯ ದರ ಗೊತ್ತುಮಾಡುವವರು ಆ ಯಂತ್ರದ ಕಡೆಯವರು. ತಮ್ಮ ಲಾಭವನ್ನು ದರದೊಳಗೇ ಸೇರಿಸಿಟ್ಟಿರುತ್ತಾರೆ. ಬಹ್ತ್ ಆರಿಸಿದರೆ ವೀಸಾ, ಮಾಸ್ಟರ್‌ಕಾರ್ಡ್‌ನವರ ದರ ಸಿಗುತ್ತದೆ. ಅದರ ಮೇಲೆ ನಮ್ಮ ಬ್ಯಾಂಕಿನ ಶುಲ್ಕ. ಆ ಶುಲ್ಕ ಶೇ 3.5 ಇದ್ದರೆ, ಅದರ ಮೇಲಿನ ಶೇ 18 ಜಿಎಸ್‌ಟಿ ಸೇರಿ ಒಟ್ಟು ಶೇ 4.13 ಆಗುತ್ತದೆ. ರೂಪಾಯಿ ಒತ್ತಿದರೆ ಇದು ತಪ್ಪುತ್ತದೆಂಬ ಭರವಸೆಯೂ ಇಲ್ಲ, ಹಲವು ಬ್ಯಾಂಕುಗಳು ಅದಕ್ಕೂ ಶುಲ್ಕ ಹಾಕುತ್ತವೆ. ಪರಿವರ್ತನೆ ಬೇಡ ಎಂದು ಒತ್ತಿದರೆ ವಹಿವಾಟೇ ರದ್ದಾದೀತೆಂಬ ಅಳುಕು ಬೇಡ, ಹಣ ಬರುತ್ತದೆ. ಅಂಗಡಿಯ ಸ್ವೈಪ್ ಮಷಿನ್ನಿನಲ್ಲೂ ಇದೇ ಕಥೆ; ಪಿನ್ ಒತ್ತುವ ಮುನ್ನ ಮೊತ್ತ ಯಾವ ಹಣದಲ್ಲಿದೆ ನೋಡಿಕೊಳ್ಳಿ.

ಥಾಯ್ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಹ್ತ್ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತವೆ. ಸಾವಿರ ತೆಗೆದರೂ ಹತ್ತು ಸಾವಿರ ತೆಗೆದರೂ ಅಷ್ಟೇ. ಹಾಗಾಗಿ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. ಕಾರ್ಡಿನ ವಿದೇಶ ಬಳಕೆಯನ್ನು ಊರಲ್ಲೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿರಬೇಕು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದು ಬರುತ್ತವೆ.

ನಗದು ಒಯ್ಯುವವರು ಗೀಚು, ಹರಕು ಇಲ್ಲದ 100 ಡಾಲರ್ ನೋಟು ಒಯ್ಯಲಿ. ಚಿಕ್ಕ ನೋಟುಗಳಿಗೆ ದರ ಕಡಿಮೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವಲ್ಲಿರುವ ಕೌಂಟರುಗಳನ್ನು ದಾಟಿ, ನೆಲಮಾಳಿಗೆಯ ರೈಲು ನಿಲ್ದಾಣದ ಬಳಿ ಇರುವ ವಿನಿಮಯದಂಗಡಿಗಳಿಗೆ ಇಳಿಯಿರಿ. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಟಿಪ್ಸ್ ಅಲ್ಲಿ ಕಡ್ಡಾಯವಲ್ಲ. ದೊಡ್ಡ ಹೋಟೆಲಿನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಕೂಡು ಚಿಹ್ನೆ ಕಂಡರೆ, ಶೇ 10 ಸೇವಾ ಶುಲ್ಕ, ಅದೂ ಸೇರಿದ ಮೊತ್ತದ ಮೇಲೆ ಶೇ 7 ತೆರಿಗೆ ಎಂದರ್ಥ: 1,000 ಬಹ್ತ್‌ನ ಊಟಕ್ಕೆ ಬಿಲ್ಲು 1,177. ಮತ್ತೆ ಟಿಪ್ಸ್ ಬೇಕಿಲ್ಲ. ಆದರೆ ಸಾಮಾನು ಹೊತ್ತವರಿಗೆ, ಒಂದು ಗಂಟೆ ಕಾಲು ತಿಕ್ಕಿದ ಹೆಂಗಸಿಗೆ ಕೈಗೇ ಕೊಡಿ. ಅವರ ದುಡಿಮೆ ಕಷ್ಟದ್ದು. ಅದಕ್ಕೆಂದೇ ಹಸಿರು ಬಣ್ಣದ 20ರ, ಕೆಂಪು ಬಣ್ಣದ 100ರ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ.

ಕೈ ಜಾರಿದ ನಾಣ್ಯ ಉರುಳಿಹೋದರೆ ಕಾಲಿನಿಂದ ಒತ್ತಿ ಹಿಡಿಯಬೇಡಿ. ಅದರ ಮೇಲೆ ಅವರ ರಾಜರ ಮುಖವಿದೆ. ಬಗ್ಗಿ, ಕೈಯಿಂದಲೇ ಎತ್ತಿಕೊಳ್ಳಿ.