ಖಾನೇಷುಮಾರಿಯೂ ಮನೆತನದ ಚರಿತ್ರೆಯೂ

ತನ್ನ ಹಿರಿಯರು ಯಾರು, ಎಲ್ಲಿಂದ ಬಂದರು, ಏನು ಮಾಡಿ ಬಾಳಿದರು ಎಂಬುದನ್ನು ತಿಳಿಯಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಅರಸರ ವಂಶಾವಳಿಗಳನ್ನು ಶಿಲಾಶಾಸನಗಳೂ ತಾಮ್ರಪಟಗಳೂ ಕಾಪಾಡಿವೆ. ಸಾಮಾನ್ಯ ಗೃಹಸ್ಥನ ಮನೆತನಕ್ಕೆ ಅಂಥ ಆಸರೆಯಿಲ್ಲ. ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ ತಂತಮ್ಮ ವಂಶವೃಕ್ಷವನ್ನು ಬರೆದು ತರುವಂತೆ ಹೇಳಿದರೆ ಬಹುಮಂದಿ ಮುತ್ತಜ್ಜನ ಹೆಸರಿಗೆ ಬಂದು ನಿಂತುಬಿಡುತ್ತಾರೆ. ಮುತ್ತಜ್ಜಿಯ ಹೆಸರನ್ನು ಬಲ್ಲವರಂತೂ ಇನ್ನೂ ವಿರಳ. ಆದರೆ ಸರ್ಕಾರವು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಜನರನ್ನು ಎಣಿಸಿ ಪುಸ್ತಕಗಳನ್ನು ಅಚ್ಚುಮಾಡಿಸುತ್ತ ಬಂದಿದೆ. ವರ್ತಮಾನಪತ್ರಿಕೆಗಳು ಅದಕ್ಕೂ ಹಿಂದಿನಿಂದ ಸುದ್ದಿಗಳನ್ನು ಬರೆದಿಟ್ಟಿವೆ. ಇವುಗಳಿಂದ ನಮ್ಮ ಹಿರಿಯರನ್ನು ಕಂಡುಹಿಡಿಯಬಹುದೆ? ಈ ಪ್ರಶ್ನೆಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಮಾಡೋಣ. ಆ ಸೀಮೆಯನ್ನು ಬಿಟ್ಟು ಬಂದು ನಗರಗಳಲ್ಲಿ ನೆಲಸಿದ ಕುಟುಂಬಗಳು ಅನೇಕ. ಅಲ್ಲಿಗೆ ಸಲ್ಲುವ ಕ್ರಮವು ಇತರ ಸೀಮೆಗಳಿಗೂ ಬಹುಮಟ್ಟಿಗೆ ಸಲ್ಲುತ್ತದೆ.

ಮೊದಲು ತಿಳಿಯಬೇಕಾದುದು, ಯಾವ ಕಾಲದಲ್ಲಿ ಯಾವ ಸರ್ಕಾರದ ದಫ್ತರದಲ್ಲಿ ಹುಡುಕಬೇಕೆಂಬುದು. ಈ ಪ್ರದೇಶವನ್ನು 1800ರಲ್ಲಿ ನಿಜಾಮನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಆಗ ಇದು ದತ್ತಮಂಡಲದ ಭಾಗವಾಗಿ, ಥಾಮಸ್ ಮನ್ರೋವಿನ ಕೈಕೆಳಗೆ ರೈತವಾರಿ ಲೆಕ್ಕಕ್ಕೆ ಒಳಪಟ್ಟಿತು. ಅನಂತರ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಾಯಿತು. 1882ರಲ್ಲಿ ಅನಂತಪುರವು ಅದರಿಂದ ಬೇರೆಯಾಯಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳನ್ನುಳಿದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ಹೊಸ ವಿಜಯನಗರ ಜಿಲ್ಲೆಯಲ್ಲಿ ಸೇರಿಕೊಂಡಿತು. ಆದುದರಿಂದ ಹರಪನಹಳ್ಳಿಯ ಒಂದು ಮನೆತನದ ಕಾಗದಗಳು ಮದರಾಸು, ಬಳ್ಳಾರಿ, ದಾವಣಗೆರೆ, ಹೊಸಪೇಟೆ ಈ ನಾಲ್ಕು ಕಡೆ ಚದುರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಇನ್ನೊಂದು ಸೂಚನೆ: 1901ರ ಗಣತಿಯ ಕಾಲಕ್ಕೆ ಬಳ್ಳಾರಿಯ ಎಂಟು ತಾಲ್ಲೂಕುಗಳಲ್ಲಿ ಕೊಟ್ಟೂರಾಗಲಿ ಹಗರಿಬೊಮ್ಮನಹಳ್ಳಿಯಾಗಲಿ ಇರಲಿಲ್ಲ. ಕೊಟ್ಟೂರನ್ನು ಹಳೆಯ ಪುಸ್ತಕಗಳಲ್ಲಿ ಕೂಡ್ಲಿಗಿ ತಾಲ್ಲೂಕಿನ ಪುಟದಲ್ಲಿ ಹುಡುಕಬೇಕು.

ಇನ್ನು ಜನಗಣತಿಗೆ ಬರೋಣ. ಹಳಬರು ಇದನ್ನು ಖಾನೇಷುಮಾರಿ ಎಂದು ಕರೆಯುತ್ತಿದ್ದರು. ಮದರಾಸು ಆಧಿಪತ್ಯದಲ್ಲಿ ಮೊದಲನೆಯ ಕ್ರಮಬದ್ಧ ಗಣತಿಯು 1871ರಲ್ಲಿ ನಡೆಯಿತು. ಇಂಡಿಯಾ ದೇಶಕ್ಕೆಲ್ಲ ಏಕಕಾಲದಲ್ಲಿ ಮೊದಲ ಗಣತಿಯಾದದ್ದು 1881ರ ಫೆಬ್ರವರಿ 17ರಂದು. ಅಲ್ಲಿಂದ 2011ರ ವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ. ಗಣತಿದಾರನು ಮನೆಮನೆಗೂ ಹೋಗಿ ಹೆಸರು, ವಯಸ್ಸು, ಜಾತಿ, ಕಸುಬು, ಹುಟ್ಟಿದ ಸ್ಥಳ ಇವುಗಳನ್ನು ಬರೆದುಕೊಂಡನು. ಇದನ್ನು ಕೇಳಿದೊಡನೆ, ಆ ಪಟ್ಟಿಯೊಂದು ದೊರೆತರೆ ನಮ್ಮ ಕೆಲಸವು ಮುಗಿಯಿತೆಂದು ಎನಿಸುವುದು. ಇಂಗ್ಲೆಂಡಿನಲ್ಲಿ ಹಾಗೆಯೇ ಆಗುತ್ತದೆ. ಅಲ್ಲಿ ಗಣತಿಯ ಪಟ್ಟಿಗಳನ್ನು ನೂರು ವರ್ಷಗಳ ಕಾಲ ಗುಪ್ತವಾಗಿಟ್ಟು ಅನಂತರ ಜನರಿಗೆ ತೆರೆಯುತ್ತಾರೆ. 1921ರ ಪಟ್ಟಿಗಳು 2022ರ ಜನವರಿಯಲ್ಲಿ ಹೊರಬಂದವು. ಅಮೆರಿಕದಲ್ಲಿ ಈ ಅವಧಿ 72 ವರ್ಷ. ಅಲ್ಲಿನ 1950ರ ಪಟ್ಟಿಗಳು ಅದೇ 2022ರ ಏಪ್ರಿಲ್‌ನಲ್ಲಿ ಪ್ರಕಟವಾದವು.

ನಮ್ಮ ದೇಶದ ಪದ್ಧತಿಯು ಬೇರೆ. ಇಲ್ಲಿ ಅಂಕಿಗಳನ್ನು ಕೂಡಿ ಕೋಷ್ಟಕಗಳನ್ನು ಸಿದ್ಧಪಡಿಸಿದ ಮೇಲೆ ಮೂಲಪಟ್ಟಿಗಳನ್ನು ನಾಶಮಾಡುವುದು ವಾಡಿಕೆಯಾಗಿತ್ತು. 1948ರ ಜನಗಣತಿ ಕಾನೂನಿನ 15ನೆಯ ಸೆಕ್ಷನ್ ಪ್ರಕಾರ ಆ ಪಟ್ಟಿಗಳನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ತೆರಿಗೆಗೋ ವ್ಯಾಜ್ಯಕ್ಕೋ ಉಪಯೋಗಿಸುವರೆಂಬ ಭಯವಿಲ್ಲದೆ ಜನರು ನಿಜವನ್ನು ಹೇಳಲೆಂದು ಈ ಏರ್ಪಾಡು. ಉದ್ದೇಶವು ಒಳ್ಳೆಯದೇ, ಆದರೆ ಫಲವಾಗಿ ನಮ್ಮ ಮುತ್ತಜ್ಜನು 1881ರಲ್ಲಿ ಎಣಿಕೆಯಾದನೆಂಬುದು ನಿಶ್ಚಯವಾದರೂ ಅವನ ಹೆಸರು ಉಳಿಯಲಿಲ್ಲ. ಖಾನೇಷುಮಾರಿಯಲ್ಲಿ ವ್ಯಕ್ತಿಯನ್ನು ಹುಡುಕಹೊರಟವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಹಾಗಾದರೆ ಆ ಸಂಪುಟಗಳಿಂದ ಪ್ರಯೋಜನವೇನು? ಪ್ರಯೋಜನವು ದೊಡ್ಡದು. ಅವು ಹೆಸರನ್ನು ಹೇಳದಿದ್ದರೂ ಆ ಹೆಸರಿನವರಿಗೆ ಏನಾಯಿತೆಂಬುದನ್ನು ಹೇಳುತ್ತವೆ. ಅನಂತಪುರದ ಭಾಗವನ್ನು ಬಿಟ್ಟು ಲೆಕ್ಕಹಾಕಿದರೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಸುಮಾರು 9 ಲಕ್ಷ 11 ಸಾವಿರ. ಹತ್ತು ವರ್ಷಗಳ ಮೇಲೆ, 1881ರಲ್ಲಿ, ಅದು ಸುಮಾರು 7 ಲಕ್ಷ 26 ಸಾವಿರ. ಐವರಲ್ಲಿ ಒಬ್ಬರು ಕಡಿಮೆಯಾದರು. ನಡುವೆ ಬಂದುದು 1876ರಿಂದ 1878ರ ವರೆಗಿನ ಮಹಾಕ್ಷಾಮ. ಮಳೆ ಹೋಯಿತು, ಧಾನ್ಯದ ಬೆಲೆ ಏರಿತು, ಹಸಿವಿನ ಹಿಂದೆಯೇ ಕಾಲರಾ ಮೊದಲಾದ ರೋಗಗಳು ಬಂದವು. ಕಡಿಮೆಯಾದವರೆಲ್ಲರೂ ಸತ್ತವರಲ್ಲ; ದೇಶಾಂತರ ಹೋದವರೂ ಉಂಟು, ಆ ವರ್ಷಗಳಲ್ಲಿ ಹುಟ್ಟದೆಹೋದ ಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಆದರೂ ಈ ಎರಡು ಅಂಕಿಗಳನ್ನು ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುವುದು. ಆ ಸೀಮೆಯ ಯಾವ ಮನೆತನದ ಕಥೆಯಾದರೂ ಉಳಿದುಕೊಂಡವರ ಕಥೆ. ವಂಶವೃಕ್ಷದಲ್ಲಿ ಒಂದು ಕೊಂಬೆಯು ಏಕಾಏಕಿ ನಿಂತುಹೋಗಿದ್ದರೆ, ಒಂದು ಕುಟುಂಬವು ಕಾರಣ ತಿಳಿಯದಂತೆ ಊರು ಬಿಟ್ಟಿದ್ದರೆ, ಮೊದಲು ಈ ಮೂರು ವರ್ಷಗಳನ್ನು ಪರೀಕ್ಷಿಸಬೇಕು.

ಇಲ್ಲಿ ಕಾಲಗಣನೆಯ ಪ್ರಶ್ನೆಯೊಂದು ಬರುತ್ತದೆ. ನಮ್ಮ ಹಿರಿಯರು 1876 ಎಂದು ಹೇಳಲಿಲ್ಲ. ‘ಧಾತು ವರ್ಷ’, ‘ಈಶ್ವರ ವರ್ಷ’ ಎಂದರು. ಧಾತು ಸಂವತ್ಸರವು 1876-77, ಈಶ್ವರವು 1877-78. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 1816ರಲ್ಲಿಯೂ 1936ರಲ್ಲಿಯೂ ಧಾತುವೇ ಆರಂಭವಾಯಿತು. ಆದುದರಿಂದ ಅಜ್ಜಿಯು ಹೇಳಿದ ಸಂವತ್ಸರವನ್ನು ಇಸವಿಗೆ ತಿರುಗಿಸುವಾಗ ತಲೆಮಾರುಗಳನ್ನು ಎಣಿಸಿ ನೋಡಬೇಕು. ಕಂದಾಯದ ಕಾಗದಗಳಲ್ಲಿ ಫಸಲಿ ಎಂಬ ಮತ್ತೊಂದು ಲೆಕ್ಕವಿದೆ. ಮದರಾಸು ಸೀಮೆಯ ಫಸಲಿಗೆ 590ನ್ನು ಕೂಡಿದರೆ ಆ ವರ್ಷವು ಆರಂಭವಾದ ಇಸವಿಯು ದೊರೆಯುತ್ತದೆ. ಫಸಲಿ 1286 ಎಂದಿದ್ದರೆ ಅದು 1876ರ ಜುಲೈ ತಿಂಗಳಿಂದ 1877ರ ಜೂನ್ ವರೆಗಿನ ವರ್ಷ, ಅಂದರೆ ಧಾತು ಬರದ ವರ್ಷ.

ಹೆಸರುಗಳು ಎಲ್ಲಿ ದೊರೆಯುತ್ತವೆ? ಭೂಮಿ, ದಾನ, ಸಾಲ, ಶಾಲೆ ಈ ನಾಲ್ಕರ ಕಾಗದಗಳಲ್ಲಿ. 1858ರಲ್ಲಿ ಮದರಾಸು ಸರ್ಕಾರವು ಇನಾಮು ಕಮಿಷನ್ನನ್ನು ನೇಮಿಸಿತು. ದೇವಸ್ಥಾನ, ಮಠ, ಪುರೋಹಿತ, ಶಾನುಭೋಗ, ತಳವಾರ ಮೊದಲಾದವರು ಅನುಭವಿಸುತ್ತಿದ್ದ ಮಾನ್ಯದ ಭೂಮಿಗಳನ್ನು ಅದು ವಿಚಾರಿಸಿ, ಮಾನ್ಯವನ್ನು ಮೊದಲು ಯಾರು ಯಾರಿಗೆ ಕೊಟ್ಟರು, ಈಗ ಅನುಭವಿಸುವವನು ಅವರಿಗೆ ಏನಾಗಬೇಕು ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯಿಸಿತು. ಒಂದೇ ಸಾಲಿನಲ್ಲಿ ಮೂರು ನಾಲ್ಕು ತಲೆಮಾರು ದೊರೆಯುವುದುಂಟು. ಮದರಾಸಿನ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆಗಳ ಭಂಡಾರದಲ್ಲಿ ಹಳೆಯ ಆಧಿಪತ್ಯದ ಇಂಥ ಕಡತಗಳಿವೆ. ಪಟ್ಟಾ ಮತ್ತು ಅಡಂಗಲ್ ಲೆಕ್ಕಗಳು ಸಾಧಾರಣ ರೈತನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಕೊಡುತ್ತವೆ. ಕ್ರಯ, ಭೋಗ್ಯ, ವಿಭಾಗಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿವೆ. 1908ರ ನೋಂದಣಿ ಕಾನೂನಿನಂತೆ ಅಲ್ಲಿ ಜನರ ಹೆಸರಿಗೊಂದು, ಸ್ವತ್ತಿಗೊಂದು ಸೂಚಿಕೆ ಇರಬೇಕು, ಸ್ಥಿರಸ್ವತ್ತಿನ ಪುಸ್ತಕದ ಸೂಚಿಕೆಗಳನ್ನು ಶುಲ್ಕ ಕೊಟ್ಟು ಯಾರಾದರೂ ನೋಡಬಹುದು. ವಿಭಾಗಪತ್ರವೊಂದು ಸಿಕ್ಕಿದರೆ ಅಣ್ಣತಮ್ಮಂದಿರೆಲ್ಲರ ಹೆಸರೂ ಒಂದೆಡೆಯಲ್ಲಿ ಸಿಕ್ಕಿದಂತೆಯೇ. ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವು ಹುಡುಗನ ವಯಸ್ಸನ್ನೂ ತಂದೆಯ ಕಸುಬನ್ನೂ ಹೇಳುತ್ತದೆ.

ವರ್ತಮಾನಪತ್ರಿಕೆಗಳ ವಿಷಯದಲ್ಲಿ ಬಳ್ಳಾರಿಗೆ ವಿಶೇಷವಾದ ಸ್ಥಾನವುಂಟು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಆರಂಭಿಸಿದನು; ಮರುವರ್ಷ ಅದು ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಅಚ್ಚಾಗತೊಡಗಿತು. ಕ್ಷಾಮದ ಕಾಲದಲ್ಲಿ ಮದರಾಸಿನ ಪತ್ರಿಕೆಯೊಂದರ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿಯು ಪರಿಹಾರನಿಧಿಯ ಕಾರ್ಯದರ್ಶಿಯೂ ಆಗಿದ್ದು, 1878ರಲ್ಲಿ ಕ್ಷಾಮದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದನು. ಪತ್ರಿಕೆಯಲ್ಲಿ ಸಾಮಾನ್ಯರ ಹೆಸರು ಬರುವ ಸಂದರ್ಭಗಳು ಕೆಲವೇ: ಕೋರ್ಟಿನ ಹರಾಜಿನ ಪ್ರಕಟಣೆ, ದಿವಾಳಿಯ ನೋಟೀಸು, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿ, ನೇಮಕ ಮತ್ತು ವರ್ಗಾವಣೆ, ಧರ್ಮನಿಧಿಗೆ ಚಂದಾ ಕೊಟ್ಟವರ ಹೆಸರು, ಊರಿನ ಕೆರೆ ರಸ್ತೆಗಳ ವಿಷಯವಾಗಿ ಬರೆದ ಕಾಗದ. ಇವುಗಳಲ್ಲಿ ಹಲವನ್ನು ‘ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್’ ಎಂಬ ಸರ್ಕಾರಿ ಪತ್ರಿಕೆಯಲ್ಲಿಯೂ ಕಾಣಬಹುದು. ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂಬುದನ್ನು ತಿಳಿಯಲು ಆಗಿನ ಸರ್ಕಾರವು ಭಾಷಾಂತರಕಾರರಿಂದ ಸಾರಾಂಶಗಳನ್ನು ಬರೆಯಿಸುತ್ತಿತ್ತು. ಮೂಲ ಸಂಚಿಕೆಗಳು ನಷ್ಟವಾಗಿರುವ ಕಡೆ ಈ ಸಾರಾಂಶಗಳೇ ನಮಗೆ ಉಳಿದಿರುವ ಸಾಕ್ಷಿ.

ಹೆಸರು ದೊರೆತ ಮಾತ್ರಕ್ಕೆ ಹಿರಿಯರು ದೊರೆತರೆಂದು ಹಿಗ್ಗಬಾರದು. ಕೊಟ್ಟೂರೇಶ್ವರನ ಭಕ್ತರ ಸೀಮೆಯಲ್ಲಿ ಊರೂರಿಗೂ ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮಂದಿರಿದ್ದಾರೆ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನಿಂದ ಮೈಲಾರಪ್ಪ, ಉಜ್ಜಿನಿಯ ಪೀಠದಿಂದ ಮರುಳಸಿದ್ಧಪ್ಪ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಅದೇ ಹೆಸರು ತಿರುಗಿ ಬರುತ್ತದೆ. ಆದುದರಿಂದ ಹೆಸರು, ತಂದೆಯ ಹೆಸರು, ಗ್ರಾಮ, ಜಮೀನಿನ ಸರ್ವೆ ನಂಬರು ಇವುಗಳಲ್ಲಿ ಮೂರಾದರೂ ಕೂಡಿಬಂದ ಹೊರತು ಒಬ್ಬನನ್ನು ನಮ್ಮ ಹಿರಿಯನೆಂದು ಒಪ್ಪಬಾರದು. ಒಂದು ಮನೆಯವರು ‘ನಮ್ಮ ಹಿರಿಯ ಕೊಟ್ರಪ್ಪನು ಧಾತು ಬರದಲ್ಲಿ ಕೂಡ್ಲಿಗಿ ಕಡೆಯಿಂದ ಹರಪನಹಳ್ಳಿಗೆ ಬಂದನು’ ಎಂದು ಹೇಳುವರೆಂದಿಟ್ಟುಕೊಳ್ಳೋಣ. ಗಣತಿಯ ಸಂಪುಟವು ಆ ಮಾತು ಸಂಭವನೀಯವೆಂದು ತೋರಿಸುತ್ತದೆ. ಹರಪನಹಳ್ಳಿಯ ನೋಂದಣಿ ಸೂಚಿಕೆಯಲ್ಲಿ ಅವನು ಭೂಮಿಯನ್ನು ಕೊಂಡ ಪತ್ರವು ಸಿಕ್ಕಿದರೆ ಅದರಲ್ಲಿ ತಂದೆಯ ಹೆಸರಿರುತ್ತದೆ, ಕೆಲವೊಮ್ಮೆ ಹಿಂದಿನ ವಾಸಸ್ಥಳವೂ ಇರುತ್ತದೆ. ಆ ಗ್ರಾಮದ ಹಳೆಯ ಲೆಕ್ಕದಲ್ಲಿ ಅದೇ ತಂದೆಯ ಹೆಸರು ಸಿಕ್ಕಿದಾಗ ಕೊಂಡಿಯು ಕೂಡಿತು. ಅಲ್ಲಿಯ ವರೆಗೆ ಅದು ಮನೆಯ ಮಾತು ಮಾತ್ರ.

ಮನೆಯ ಮಾತೆಂದು ಅಲ್ಲಗಳೆಯುವುದೂ ತಪ್ಪು. ಬಸವನ ಮೇಲೆ ಕುಳಿತು ಊರೂರಿಗೆ ಬರುವ ಹೆಳವರು ತಮ್ಮ ಒಕ್ಕಲುಗಳ ವಂಶವನ್ನು ತಲೆಮಾರುಗಳ ಹಿಂದಿನಿಂದ ಎತ್ತಿ ಹೇಳುತ್ತಾರೆ. ಮೂಲಸ್ಥಳ, ವಲಸೆ, ಕವಲೊಡೆದ ಬಗೆ ಇವೆಲ್ಲವೂ ಅವರ ಬಾಯಲ್ಲಿಯೂ ಹೊತ್ತಿಗೆಗಳಲ್ಲಿಯೂ ಇವೆ. ನಗರಕ್ಕೆ ಬಂದವರ ಮನೆಗೆ ಅವರು ಬರುವುದು ಅಪರೂಪ. ನಾವೇ ಊರಿಗೆ ಹೋಗಿ ವಿಚಾರಿಸಬೇಕು. ಕೆಲವರಿಗೆ ಹೋಗಲು ಊರೂ ಉಳಿದಿಲ್ಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ನಿಂತಾಗ ನಾರಾಯಣದೇವರ ಕೆರೆ ಮೊದಲಾದ ಹಲವು ಊರುಗಳು ಮುಳುಗಿದವು. ಗ್ರಾಮಗ್ರಾಮದ ಅಂಕಿಗಳನ್ನು ಕೊಡುವ ಜಿಲ್ಲಾ ಗಣತಿ ಕೈಪಿಡಿಗಳು 1951ರ ಗಣತಿಯಿಂದ ಆರಂಭವಾದವು. ಆ ಊರುಗಳ ಕೊನೆಯ ಲೆಕ್ಕವು ಅದರಲ್ಲಿಯೇ ಸಿಕ್ಕಬೇಕು.

ಇಷ್ಟೆಲ್ಲ ಹುಡುಕಿದ ಮೇಲೂ ದೊರೆಯದವರು ಇದ್ದೇ ಇರುತ್ತಾರೆ. ಭೂಮಿಯಿಲ್ಲದವರ ಹೆಸರು ಪಟ್ಟಾದಲ್ಲಿಲ್ಲ. ಶಾಲೆಯ ಬಾಗಿಲನ್ನು ಕಾಣದವರ ಹೆಸರು ದಾಖಲಾತಿಯಲ್ಲಿಲ್ಲ. ಹೆಂಗಸರ ಹೆಸರು ಬಹುಕಡೆ ಗಂಡನ ಅಥವಾ ಮಗನ ಹೆಸರಿನ ಹಿಂದೆ ಅಡಗಿದೆ. ಕ್ಷಾಮದಲ್ಲಿ ದಾರಿಯ ಮೇಲೆ ಬಿದ್ದವರ ಹೆಸರನ್ನು ಬರೆದವರು ಕಡಿಮೆ. ವಂಶವೃಕ್ಷವನ್ನು ಬರೆಯುವವರು ಈ ಸ್ಥಾನಗಳನ್ನು ಊಹೆಯಿಂದ ತುಂಬಬಾರದು, ಅಳಿಸಿಯೂ ಬಿಡಬಾರದು. ‘ಇಲ್ಲಿ ಒಬ್ಬ ಮಗಳಿದ್ದಳು, ಹೆಸರು ತಿಳಿಯದು’ ಎಂದು ಬರೆದರೆ ಅದೂ ಚರಿತ್ರೆಯೇ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿರುವವರು ದಫ್ತರಗಳಿಗೆ ಹೋಗುವ ಮುನ್ನ ಅವರ ಬಳಿ ಕುಳಿತು, ಅವರ ತಾಯಿಯ ತಾಯಿಯ ಹೆಸರನ್ನೂ ಅವಳ ತವರೂರನ್ನೂ ಕೇಳಿ ಬರೆದುಕೊಳ್ಳುವುದು ಲೇಸು. ಎಗ್ಮೋರಿನ ಕಡತಗಳು ಇನ್ನು ಕೆಲವು ವರ್ಷ ಕಾದಾವು. ಈ ಉತ್ತರವು ಕಾಯಲಾರದು.